ಕಣ್ಣಿಗೆ ಕಟ್ಟಿದಂತಿರುವ ನೆನಪು ನಿಜವೇ? ಫ್ರೆಡರಿಕ್ ಬಾರ್ಟ್ಲೆಟ್ ಎಂಬ ವಿಜ್ಞಾನಿಯ ಕಥೆ

ತಿಥಿಯ ಊಟ ಮುಗಿದಿದೆ. ಎಲೆಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತ ಅಕ್ಕ, ಅಜ್ಜ ತೀರಿಹೋದ ರಾತ್ರಿಯ ಮಾತು ತೆಗೆಯುತ್ತಾಳೆ. ಅವತ್ತು ಧೋ ಎಂದು ಮಳೆ, ಡಾಕ್ಟರು ಬರಲು ದಾರಿಯೇ ಇರಲಿಲ್ಲ ಎನ್ನುತ್ತಾಳೆ. ತಮ್ಮ ತಲೆ ಅಲ್ಲಾಡಿಸುತ್ತಾನೆ. ಮಳೆ ಎಲ್ಲಿತ್ತು, ಹಾಲಿನಂಥ ಬೆಳದಿಂಗಳು, ತಾನೇ ಸೈಕಲ್ ತುಳಿದುಕೊಂಡು ಹೋಗಿ ಡಾಕ್ಟರನ್ನು ಕರೆತಂದಿದ್ದೆ ಎನ್ನುತ್ತಾನೆ. ಇಬ್ಬರಿಗೂ ಅದು ಕಣ್ಣಿಗೆ ಕಟ್ಟಿದ ಹಾಗಿದೆ. ಹೇಳುವಾಗ ಇಬ್ಬರ ಗಂಟಲೂ ಕಟ್ಟುತ್ತದೆ. ಹತ್ತು ನಿಮಿಷ ಕಳೆಯುವುದರೊಳಗೆ ಮಾತು ಅಜ್ಜನನ್ನು ಬಿಟ್ಟು, ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬಲ್ಲಿಗೆ ಬಂದು ನಿಂತಿರುತ್ತದೆ.

ಇಂಥ ಜಗಳಗಳ ಹಿಂದೆ ಎರಡು ನಂಬಿಕೆಗಳಿವೆ. ನಮ್ಮ ಮೆದುಳು ಕ್ಯಾಮೆರಾದ ಹಾಗೆ ಎಲ್ಲವನ್ನೂ ಚಿತ್ರೀಕರಿಸಿ ಇಟ್ಟುಕೊಳ್ಳುತ್ತದೆ ಎನ್ನುವುದು ಮೊದಲನೆಯದು. ಇದು ಪೂರ್ತಿ ನಿಜವಲ್ಲ ಎಂದು ಈಗ ಬಹಳ ಜನರಿಗೆ ಗೊತ್ತಿದೆ. ಎರಡನೆಯದು ಇನ್ನೂ ಗಟ್ಟಿಯಾಗಿ ಬೇರೂರಿದೆ. ಸಣ್ಣಪುಟ್ಟ ಸಂಗತಿ ಮರೆತುಹೋಗಬಹುದು, ಆದರೆ ಮನಸ್ಸಿಗೆ ನಾಟಿದ್ದು ಮಾತ್ರ ಇದ್ದದ್ದು ಇದ್ದ ಹಾಗೆಯೇ ಉಳಿಯುತ್ತದೆ ಎಂಬ ನಂಬಿಕೆ ಅದು. ನೆನಪು ಮಾಡಿಕೊಂಡಾಗ ಎದೆ ಭಾರವಾದರೆ, ಮೈ ನಡುಗಿದರೆ, ಆ ನೆನಪು ಸುಳ್ಳಾಗಲು ಹೇಗೆ ಸಾಧ್ಯ?

ಸಾಧ್ಯ ಎಂದು ಸುಮಾರು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟವರು ಇಂಗ್ಲೆಂಡಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್. ಅವರ ಬಳಿ ದೊಡ್ಡ ಯಂತ್ರವೇನೂ ಇರಲಿಲ್ಲ. ಇದ್ದದ್ದು ಒಂದು ಪುಟದ ಒಂದು ಕಥೆ, ಕೆಲವು ಚಿತ್ರಗಳು ಮತ್ತು ಬೇಕಾದಷ್ಟು ತಾಳ್ಮೆ.

ಚಮ್ಮಾರಿಕೆಯ ಮನೆಯ ಹುಡುಗ

ಬಾರ್ಟ್ಲೆಟ್ ಹುಟ್ಟಿದ್ದು 1886ರ ಅಕ್ಟೋಬರ್ 20ರಂದು, ಗ್ಲಾಸ್ಟರ್‌ಶೈರ್ ಪ್ರಾಂತ್ಯದ ಸ್ಟೋ-ಆನ್-ದ-ವೋಲ್ಡ್ ಎಂಬ ಸಣ್ಣ ಪೇಟೆಯಲ್ಲಿ. ತಂದೆ ಬೂಟು ತಯಾರಿಸುವ ಕಸುಬಿನವರು. ಹದಿನಾಲ್ಕರ ಹರೆಯದಲ್ಲಿ ಹುಡುಗನಿಗೆ ಪ್ಲೂರಸಿ ಬಂತು, ಅಂದರೆ ಶ್ವಾಸಕೋಶದ ಹೊರಪೊರೆಗೆ ಉರಿಯೂತ. ಆ ಕಾಲದಲ್ಲಿ ಇದಕ್ಕೆ ಆ್ಯಂಟಿಬಯಾಟಿಕ್ ಇರಲಿಲ್ಲ. ದೂರದ ಶಾಲೆಗೆ ಹೋಗಿ ಓದುವ ದಾರಿ ಮುಚ್ಚಿತು. ಹುಡುಗ ಮನೆಯಲ್ಲೇ ಪುಸ್ತಕ ಹಿಡಿದು ಕೂತ, ಮೈಯಲ್ಲಿ ಶಕ್ತಿ ಇದ್ದಾಗ ಕ್ರಿಕೆಟ್ ಆಡಿದ. ಈ ಕ್ರಿಕೆಟ್ ಮುಂದೆ ಅವರ ಸಿದ್ಧಾಂತದೊಳಕ್ಕೂ ಬರುತ್ತದೆ, ನೆನಪಿರಲಿ.

ಅಂಚೆ ಶಿಕ್ಷಣದ ಮೂಲಕವೇ ಓದಿ 1909ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ತತ್ವಶಾಸ್ತ್ರದಲ್ಲಿ ಪ್ರಥಮ ದರ್ಜೆಯ ಪದವಿ ಪಡೆದರು. ಆಮೇಲೆ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜು ಸೇರಿದರು. ಅವರನ್ನು ಅಲ್ಲಿಗೆ ಸೆಳೆದದ್ದು ಡಬ್ಲ್ಯು. ಎಚ್. ಆರ್. ರಿವರ್ಸ್ ಅವರ ಹೆಸರು. ರಿವರ್ಸ್ ವೈದ್ಯರೂ ಹೌದು, ಮಾನವಶಾಸ್ತ್ರಜ್ಞರೂ ಹೌದು. ನಮ್ಮ ನೀಲಗಿರಿಯ ತೋಡರ ಬಗ್ಗೆ 1906ರಲ್ಲಿ ದೊಡ್ಡ ಪುಸ್ತಕ ಬರೆದವರು ಇವರೇ. ಬಾರ್ಟ್ಲೆಟ್‌ಗೂ ಮಾನವಶಾಸ್ತ್ರಜ್ಞನಾಗುವ ಆಸೆಯಿತ್ತು. ಮೊದಲು ಮನೋವಿಜ್ಞಾನದ ಪ್ರಯೋಗಪದ್ಧತಿ ಕಲಿ ಎಂಬ ಸಲಹೆ ಅವರಿಗೆ ಸಿಕ್ಕಿತು. ಕಲಿಯಲು ಹೋದವರು ಅಲ್ಲೇ ಉಳಿದುಬಿಟ್ಟರು.

ಆಗ ನೆನಪಿನ ವಿಜ್ಞಾನ ಎಂದರೆ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. 1885ರಲ್ಲಿ ಪ್ರಕಟವಾದ ಅವರ ಪ್ರಯೋಗ ಇವತ್ತಿಗೂ ಪಠ್ಯಪುಸ್ತಕದಲ್ಲಿದೆ. ಅರ್ಥವೇ ಇಲ್ಲದ ಉಚ್ಚಾರಾಂಶಗಳ ಪಟ್ಟಿ ಮಾಡಿ, ಅದನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ತಮ್ಮ ಮೇಲೆಯೇ ಅಳೆದುಕೊಂಡಿದ್ದರು. ಅರ್ಥವಿರುವ ಪದ ಕೊಟ್ಟರೆ ಹಳೆಯ ನೆಂಟು, ಇಷ್ಟಾನಿಷ್ಟ ಎಲ್ಲ ಬಂದು ಲೆಕ್ಕ ಕೆಡಿಸುತ್ತವೆ ಎಂಬುದು ಅವರ ಎಚ್ಚರ. ಬಾರ್ಟ್ಲೆಟ್‌ಗೆ ಇದು ಸರಿಬರಲಿಲ್ಲ. ಯಾವುದನ್ನು ಲೆಕ್ಕ ಕೆಡಿಸುತ್ತದೆ ಎಂದು ಹೊರಗಿಟ್ಟಿದ್ದಾರೋ ಅದೇ ಅಲ್ಲವೇ ನಿಜವಾದ ನೆನಪು? ಮನುಷ್ಯರು ನೆನಪಿಡುವುದು ಮಗಳ ಮದುವೆಯನ್ನು, ಸಾಲ ಕೊಟ್ಟವನ ಬೈಗುಳವನ್ನು, ಅರ್ಥವಿಲ್ಲದ ಅಕ್ಷರಗಳನ್ನಲ್ಲ.

ಯುದ್ಧ ಬಂತು

1914ರಲ್ಲಿ ಬಾರ್ಟ್ಲೆಟ್ ಕೇಂಬ್ರಿಜ್ ಪದವಿಯನ್ನೂ ಪ್ರಥಮ ದರ್ಜೆಯಲ್ಲಿ ಮುಗಿಸಿದ ಹೊತ್ತಿಗೇ ಮೊದಲ ಮಹಾಯುದ್ಧ ಶುರುವಾಯಿತು. ಪ್ರಯೋಗಾಲಯದ ಮುಖ್ಯಸ್ಥ ಚಾರ್ಲ್ಸ್ ಮೈಯರ್ಸ್ ಫ್ರಾನ್ಸಿನ ರಣರಂಗಕ್ಕೆ ಹೋದರು. ಬಾರ್ಟ್ಲೆಟ್ ಆರೋಗ್ಯದ ಕಾರಣಕ್ಕೆ ಸೇನೆಗೆ ಅನರ್ಹರಾದರು. ಹೀಗಾಗಿ ಖಾಲಿಯಾಗುತ್ತಿದ್ದ ಊರಿನಲ್ಲಿ ಪ್ರಯೋಗಾಲಯ ನೋಡಿಕೊಳ್ಳುವ ಹೊಣೆ ಅವರ ಹೆಗಲಿಗೆ ಬಿತ್ತು. ಸಮುದ್ರದೊಳಗಿನ ಸಬ್‌ಮರೀನಿನ ಸದ್ದನ್ನು ಗುರುತಿಸಲು ನೆರವಾಗುವಂತೆ, ತೀರ ಕ್ಷೀಣವಾದ ಸದ್ದನ್ನು ಕಿವಿ ಹೇಗೆ ಹಿಡಿಯುತ್ತದೆ ಎಂಬ ಸಂಶೋಧನೆಯನ್ನೂ ಮಾಡಿದರು. ಆ ಕೆಲಸದಲ್ಲಿ ಜೊತೆಗಿದ್ದ ಎಮಿಲಿ ಮೇರಿ ಸ್ಮಿತ್ ಅವರನ್ನು 1920ರಲ್ಲಿ ಮದುವೆಯಾದರು.

ನೆನಪಿನ ಪ್ರಯೋಗಗಳು ನಡೆದದ್ದು ಈ ಯುದ್ಧದ ನೆರಳಿನಲ್ಲಿ. ಒಂದರಲ್ಲಿ ಸೈನಿಕರು ಮತ್ತು ಅಧಿಕಾರಿಗಳ ಮುಖವಿದ್ದ ಪೋಸ್ಟ್‌ಕಾರ್ಡ್‌ಗಳನ್ನು ತೋರಿಸಿ, ಸ್ವಲ್ಪ ಹೊತ್ತಿನ ನಂತರ ಒಮ್ಮೆ, ದಿನಗಳು ಕಳೆದ ಮೇಲೆ ಮತ್ತೊಮ್ಮೆ ಆ ಮುಖಗಳನ್ನು ವರ್ಣಿಸಲು ಹೇಳಿದರು. ಒಂದು ಮುಖ ಗಂಭೀರವಾಗಿದೆ ಎಂದು ಮೊದಲ ನೋಟಕ್ಕೆ ಅನ್ನಿಸಿದವರಿಗೆ, ದಿನ ಕಳೆದಂತೆ ಅದು ಇನ್ನೂ ಗಂಭೀರವಾಗುತ್ತ ಹೋಯಿತು. ಆ ಗಾಂಭೀರ್ಯಕ್ಕೆ ತಕ್ಕ ದವಡೆ, ತಕ್ಕ ತುಟಿ ತಾನಾಗಿ ಬಂದು ಸೇರಿಕೊಂಡವು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಅದು ಹಾಗೆಯೇ ಕಾಣುತ್ತಿತ್ತು.

ಇನ್ನೊಂದು ಪ್ರಯೋಗದ ಹಿಂದೆ ನಾರ್ಬರ್ಟ್ ವೀನರ್ ಇದ್ದಾರೆ. ಮುಂದೆ ಸೈಬರ್ನೆಟಿಕ್ಸ್ ಎಂಬ ಶಾಸ್ತ್ರವನ್ನೇ ಕಟ್ಟಿದ ಈ ಅಮೆರಿಕನ್ ಗಣಿತಜ್ಞ ಆಗ ಇನ್ನೂ ಮೀಸೆ ಚಿಗುರುವ ವಯಸ್ಸಿನವರು, ಕೇಂಬ್ರಿಜ್‌ಗೆ ಓದಲು ಬಂದಿದ್ದರು. ಮಕ್ಕಳು ಸಾಲಾಗಿ ಕೂತು ಒಬ್ಬರ ಕಿವಿಯಲ್ಲಿ ಒಬ್ಬರು ಮಾತು ಉಸುರುತ್ತ ಹೋಗಿ, ಕೊನೆಯವನ ಬಾಯಲ್ಲಿ ಅದು ಏನಾಗಿದೆ ಎಂದು ನೋಡಿ ನಗುವ ಆಟ ಇದೆಯಲ್ಲ, ಅದನ್ನೇ ಪ್ರಯೋಗ ಮಾಡಿದರೆ ಹೇಗೆ ಎಂದು ಸೂಚಿಸಿದವರು ಅವರಂತೆ. ಬಾರ್ಟ್ಲೆಟ್ ಹಾಗೆಯೇ ಮಾಡಿದರು. ಒಬ್ಬರು ಕಥೆ ಓದಿ ನೆನಪಿನಿಂದ ಬರೆಯುವುದು, ಅವರು ಬರೆದದ್ದನ್ನು ಎರಡನೆಯವರು ಓದಿ ಬರೆಯುವುದು, ಹೀಗೆ ಮುಂದಕ್ಕೆ. ಚಿತ್ರಗಳನ್ನೂ ಹೀಗೇ ದಾಟಿಸಿದರು. ಪ್ರಾಚೀನ ಈಜಿಪ್ಟಿನ ಲಿಪಿಯ ಗೂಬೆಯೊಂದು ಕೈಯಿಂದ ಕೈಗೆ ಹೋಗುತ್ತ ಹೋಗುತ್ತ ಕೊನೆಗೆ ಬಾಲವಿರುವ ಕರಿ ಬೆಕ್ಕಾಗಿತ್ತು.

ಬಾಣ ಮರೆತರು, ಬಂಧುಗಳನ್ನು ಮರೆಯಲಿಲ್ಲ

ಬಾರ್ಟ್ಲೆಟ್ ಆರಿಸಿಕೊಂಡ ಕಥೆ ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಚಿನೂಕ್ ಮೂಲನಿವಾಸಿಗಳದ್ದು. ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್ ಅದನ್ನು ಅವರ ಬಾಯಿಂದ ಕೇಳಿ ಬರೆದುಕೊಂಡಿದ್ದರು. ಹೆಸರು 'ದೆವ್ವಗಳ ಯುದ್ಧ'. ಕಥೆ ಸುಮಾರಾಗಿ ಹೀಗಿದೆ. ಇಬ್ಬರು ಯುವಕರು ಸೀಲ್ ಬೇಟೆಗೆ ನದಿಗೆ ಹೋಗುತ್ತಾರೆ. ಮಂಜು ಕವಿದಿದೆ. ಯುದ್ಧದ ಕೂಗು ಕೇಳಿ ಮರದ ದಿಮ್ಮಿಯ ಹಿಂದೆ ಅಡಗುತ್ತಾರೆ. ಮರ ಕೊರೆದು ಮಾಡಿದ ದೋಣಿಯಲ್ಲಿ ಬಂದವರು, ನದಿಯ ಮೇಲ್ಭಾಗದಲ್ಲಿ ಯುದ್ಧವಿದೆ, ಬನ್ನಿ ಎಂದು ಕರೆಯುತ್ತಾರೆ. ತನ್ನ ಹತ್ತಿರ ಬಾಣಗಳಿಲ್ಲ ಎಂಬ ನೆಪ ಬರುತ್ತದೆ. ಬಾಣ ದೋಣಿಯಲ್ಲಿವೆ ಎಂಬ ಉತ್ತರವೂ ಬರುತ್ತದೆ. ಆಗ ಒಬ್ಬ, ತಾನು ಎಲ್ಲಿಗೆ ಹೋದೆನೆಂದು ಬಂಧುಗಳಿಗೆ ಗೊತ್ತಿಲ್ಲ, ತಾನು ಬರಲಾರೆ ಎಂದು ಹಿಂದಿರುಗುತ್ತಾನೆ. ಹೋದವನಿಗೆ ಯುದ್ಧದಲ್ಲಿ ಏಟು ಬೀಳುತ್ತದೆ, ಆದರೆ ನೋವಾಗುವುದಿಲ್ಲ. ತಾನು ಬಂದಿರುವುದು ದೆವ್ವಗಳ ಜೊತೆ ಎಂದು ಅವನಿಗೆ ಅನ್ನಿಸುತ್ತದೆ. ಊರಿಗೆ ಮರಳಿ ಎಲ್ಲರಿಗೂ ನಡೆದದ್ದನ್ನು ಹೇಳುತ್ತಾನೆ. ಸೂರ್ಯ ಹುಟ್ಟುವ ಹೊತ್ತಿಗೆ ಕುಸಿದುಬೀಳುತ್ತಾನೆ, ಬಾಯಿಂದ ಕಪ್ಪನೆಯದೇನೋ ಹೊರಬರುತ್ತದೆ, ಸಾಯುತ್ತಾನೆ.

ಇಂಗ್ಲಿಷ್ ಓದುಗರಿಗೆ ಇದು ಅಡ್ಡಾದಿಡ್ಡಿ ಕಥೆ. ಅದಕ್ಕಾಗಿಯೇ ಅದನ್ನು ಆರಿಸಿದ್ದು. ಒಬ್ಬೊಬ್ಬರೇ ಬೇರೆ ಬೇರೆ ಅಂತರದಲ್ಲಿ ಪದೇಪದೇ ನೆನಪಿಸಿಕೊಳ್ಳುವ ಪ್ರಯೋಗದಲ್ಲಿ 20 ಮಂದಿ ಇದ್ದರು, 7 ಹೆಂಗಸರು ಮತ್ತು 13 ಗಂಡಸರು. ಕಾಲು ಗಂಟೆಯ ನಂತರ ಒಮ್ಮೆ, ಆಮೇಲೆ ವಾರ, ತಿಂಗಳು. ಒಬ್ಬರನ್ನು ಆರೂವರೆ ವರ್ಷಗಳ ನಂತರ ಕೇಳಿದರು, ಇನ್ನೊಬ್ಬರನ್ನು ಹತ್ತು ವರ್ಷಗಳ ನಂತರ.

ಕಥೆ ಮೊಟಕಾಯಿತು, ನಾಗರಿಕವಾಯಿತು. ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ಮರದ ದೋಣಿ ಬರೀ ಬೋಟ್ ಆಯಿತು. ದೆವ್ವಗಳು ಎಷ್ಟೋ ಜನರ ಕಥೆಯಿಂದ ಮಾಯವೇ ಆದವು. ಬಾಯಿಂದ ಬಂದ ಕಪ್ಪು ವಸ್ತು ಕೆಲವರಿಗೆ ನೊರೆಯಾಯಿತು, ಕೆಲವರಿಗೆ ಹಾರಿಹೋದ ಪ್ರಾಣವಾಯಿತು. ತಮಗೆ ಒಗ್ಗದ್ದನ್ನು ಒಗ್ಗುವಂತೆ ಬದಲಿಸಿಕೊಂಡರು ಎಂಬುದು ಇದರ ಸಾಮಾನ್ಯ ವಿವರಣೆ. ಬಾರ್ಟ್ಲೆಟ್ ಹೆಸರು ಕೇಳಿದವರಿಗೆ ಇಷ್ಟಂತೂ ಗೊತ್ತಿರುತ್ತದೆ.

ನನಗೆ ಹೆಚ್ಚು ತಟ್ಟುವುದು ಇನ್ನೊಂದು ವಿವರ. ಯುದ್ಧಕ್ಕೆ ಹೋಗದಿರಲು ಕಥೆಯಲ್ಲಿ ಎರಡು ನೆಪಗಳಿದ್ದವಲ್ಲ. ಬಾಣವಿಲ್ಲ ಎಂಬ ನೆಪ ಬೇಗ ಉದುರಿಹೋಗುತ್ತಿತ್ತು. ಮನೆಯವರಿಗೆ ತಿಳಿಯದು ಎಂಬ ನೆಪ ಗಟ್ಟಿಯಾಗಿ ಉಳಿಯುತ್ತಿತ್ತು. ಈ ಕಥೆ ಓದಿದವರಲ್ಲಿ ಅನೇಕರು ಯುದ್ಧಕಾಲದ ಯುವಜನ. ಯಾರು ಯಾವಾಗ ಹೊರಡಬೇಕಾದೀತೋ, ಮನೆಯಲ್ಲಿ ಅಪ್ಪ ಅಮ್ಮ ಹೇಗಿರುತ್ತಾರೋ ಎಂಬ ಆತಂಕ ಅವರ ಎದೆಯಲ್ಲೇ ಇತ್ತು. ಕಥೆಯ ಯಾವ ಸಾಲು ಆ ಆತಂಕವನ್ನು ಮುಟ್ಟಿತೋ ಅದು ಉಳಿಯಿತು ಎಂದು ಬಾರ್ಟ್ಲೆಟ್ ಗುರುತಿಸಿದರು.

ಮೊದಲು ಭಾವ, ಆಮೇಲೆ ವಿವರ

ಯುದ್ಧ ಮುಗಿಯಿತು. 1922ರಲ್ಲಿ ರಿವರ್ಸ್ ಹಠಾತ್ತನೆ ತೀರಿಕೊಂಡರು, ಮೈಯರ್ಸ್ ಕೇಂಬ್ರಿಜ್ ಬಿಟ್ಟರು. ಪ್ರಯೋಗಾಲಯ ಬಾರ್ಟ್ಲೆಟ್ ಕೈಗೆ ಬಂತು. 1931ರಲ್ಲಿ ಅವರು ಕೇಂಬ್ರಿಜ್‌ನ ಮೊದಲ ಪ್ರಾಯೋಗಿಕ ಮನೋವಿಜ್ಞಾನ ಪ್ರಾಧ್ಯಾಪಕರಾದರು. ಮರುವರ್ಷ, 1932ರಲ್ಲಿ, 'ರಿಮೆಂಬರಿಂಗ್' ಎಂಬ ಪುಸ್ತಕ ಹೊರಬಂತು. ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಆಗಿಯೂ ಆಯ್ಕೆಯಾದರು. ಹದಿನೆಂಟು ವರ್ಷಗಳಷ್ಟು ಕಾಲ ನೆನೆದ ಬೀಜದ ಫಲ ಆ ಪುಸ್ತಕ.

ಅದರ ನಡುಗಂಬ ಹೀಗಿದೆ. ನೆನಪಿಸಿಕೊಳ್ಳಲು ಹೇಳಿದಾಗ ಮನುಷ್ಯನಿಗೆ ಮೊಟ್ಟಮೊದಲು ಹೊಳೆಯುವುದು ವಿವರವಲ್ಲ, ಒಂದು ಮನೋಭಾವ. ಅದು ಭಯಾನಕವಾಗಿತ್ತು, ಅದು ಹಿತವಾಗಿತ್ತು, ಅಲ್ಲೇನೋ ಅನ್ಯಾಯವಾಗಿತ್ತು ಎಂಬ ಅನಿಸಿಕೆ. ಆಮೇಲೆ ಆ ಭಾವಕ್ಕೆ ಹೊಂದುವ ಹಾಗೆ ವಿವರಗಳನ್ನು ಕೂಡಿಸುತ್ತಾನೆ. ಕೆಲವು ನಿಜವಾಗಿ ಉಳಿದವು, ಕೆಲವು ಹೀಗೇ ಇದ್ದಿರಬೇಕು ಎಂದು ತುಂಬಿಕೊಂಡವು. ಕಟ್ಟಿದ ನೆನಪು ಕೊನೆಗೆ ಆ ಮೊದಲ ಭಾವವನ್ನು ಸಮರ್ಥಿಸುತ್ತದೆ. ಅಕ್ಕನಿಗೆ ಆ ರಾತ್ರಿ ದಾರಿ ಕಾಣದ ಅಸಹಾಯಕತೆಯ ರಾತ್ರಿ, ಹಾಗಾಗಿ ಮಳೆ. ತಮ್ಮನಿಗೆ ಅದು ತಾನು ಕೈಲಾದದ್ದನ್ನೆಲ್ಲ ಮಾಡಿದ ರಾತ್ರಿ, ಹಾಗಾಗಿ ಬೆಳದಿಂಗಳು ಮತ್ತು ಸೈಕಲ್. ಮಳೆ ಬಂದಿತ್ತೋ ಇಲ್ಲವೋ ಎಂಬುದು ಹವಾಮಾನದ ದಾಖಲೆಗೆ ಬಿಟ್ಟ ವಿಷಯ. ಇಬ್ಬರೂ ತಮ್ಮ ತಮ್ಮ ಭಾವದ ಮಟ್ಟಿಗೆ ಪ್ರಾಮಾಣಿಕರೇ.

ಇಲ್ಲಿ ಕ್ರಿಕೆಟ್ ಬರುತ್ತದೆ. ಚೆಂಡಾಟದಲ್ಲಿ ಒಂದು ಹೊಡೆತ ಹೊಡೆಯುವಾಗ ಆಟಗಾರ ಪೂರಾ ಹೊಸದನ್ನೇನೂ ಸೃಷ್ಟಿಸುವುದಿಲ್ಲ, ಹಳೆಯದನ್ನು ಹಾಗೇ ನಕಲು ಮಾಡುವುದೂ ಇಲ್ಲ. ಹಿಂದಿನ ಅಭ್ಯಾಸವೆಲ್ಲ ಒಟ್ಟಾಗಿ, ಆ ಕ್ಷಣದ ಚೆಂಡಿಗೆ ತಕ್ಕ ಹೊಡೆತ ಆಗಷ್ಟೇ ಹುಟ್ಟುತ್ತದೆ. ನೆನಪೂ ಅಷ್ಟೇ ಎಂದರು ಬಾರ್ಟ್ಲೆಟ್. ಹಿಂದಿನ ಅನುಭವಗಳ ಈ ಜೀವಂತ ಜೋಡಣೆಗೆ, ನರವೈದ್ಯ ಹೆನ್ರಿ ಹೆಡ್ ಬಳಸಿದ್ದ ಸ್ಕೀಮಾ ಎಂಬ ಪದವನ್ನು ಎರವಲು ತಂದರು. ಆ ಪದ ತಮಗೆ ಸ್ವಲ್ಪವೂ ಹಿಡಿಸದು ಎಂದೂ ಬರೆದುಕೊಂಡರು. ವಿಪರ್ಯಾಸವೆಂದರೆ ಇವತ್ತು ಅವರು ಹೆಸರುವಾಸಿಯಾಗಿರುವುದು ಆ ಪದದಿಂದಲೇ.

1929ರಲ್ಲಿ ಬಾರ್ಟ್ಲೆಟ್ ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದಾಗ ಸ್ವಾಜಿಲ್ಯಾಂಡಿಗೂ ಹೋಗಿದ್ದರು. ಈಗ ಅದರ ಹೆಸರು ಎಸ್ವಾಟಿನಿ. ಓದುಬರಹ ಬಾರದ ಜನರ ನೆನಪು ಅಸಾಧಾರಣ ಎಂಬ ಮಾತು ಯುರೋಪಿನವರ ನಡುವೆ ಆಗ ಚಾಲ್ತಿಯಲ್ಲಿತ್ತು. ಪರೀಕ್ಷಿಸೋಣ ಎಂದು ಅಲ್ಲಿನ ಹುಡುಗನೊಬ್ಬನಿಗೆ ಸಣ್ಣ ಸಂದೇಶ ಕೊಟ್ಟು ಊರಿನ ಆಚೆ ತುದಿಗೆ ಕಳಿಸಿದರು. ಇಂಗ್ಲಿಷ್ ಹುಡುಗ ಮರೆಯುವಷ್ಟೇ ಅವನೂ ಮರೆತ. ಆದರೆ ದನ ಕಾಯುವವನೊಬ್ಬನನ್ನು, ವರ್ಷದ ಹಿಂದೆ ಯಜಮಾನ ಕೊಂಡ ದನಗಳ ಬಗ್ಗೆ ಕೇಳಿದಾಗ, ಯಾರಿಂದ, ಎಂಥ ದನ, ಎಷ್ಟು ಬೆಲೆ ಎಂದು ಸಾಲಾಗಿ ಹೇಳಿಬಿಟ್ಟ. ಲೆಕ್ಕದ ಪುಸ್ತಕದೊಂದಿಗೆ ತಾಳೆ ನೋಡಿದರೆ ಸಿಕ್ಕಿದ್ದು ಎರಡೇ ಸಣ್ಣ ತಪ್ಪು. ದನವೇ ಐಶ್ವರ್ಯ, ದನವೇ ಮರ್ಯಾದೆ ಎನ್ನುವ ಸಮಾಜದಲ್ಲಿ ಇದು ಪವಾಡವೇನಲ್ಲ. ಐಪಿಎಲ್ ಹರಾಜಿನ ಬೆಲೆಗಳನ್ನು ಒಪ್ಪಿಸುವ ನಮ್ಮ ಮಕ್ಕಳಿಗೆ ಸಮಾಜ ಪಾಠದ ಇಸವಿಗಳು ನಿಲ್ಲುವುದಿಲ್ಲವಲ್ಲ, ಹಾಗೆ.

ಆ ನಾಡಿನ ಇನ್ನೊಂದು ಪ್ರಸಂಗ ಅವರ ಪುಸ್ತಕದಲ್ಲಿದೆ. ಕೆಲವು ವರ್ಷಗಳ ಹಿಂದೆ ಸ್ವಾಜಿ ದೊರೆ ತನ್ನ ಮುಖಂಡರೊಡನೆ, ಬಹುಕಾಲದಿಂದ ಇತ್ಯರ್ಥವಾಗದ ಜಮೀನಿನ ತಕರಾರಿಗಾಗಿ ಇಂಗ್ಲೆಂಡಿಗೆ ಹೋಗಿದ್ದ. ಮರಳಿ ಬಂದವರನ್ನು ಅಲ್ಲಿ ಏನು ಕಂಡಿರಿ ಎಂದು ಊರಲ್ಲಿದ್ದ ಬ್ರಿಟಿಷರು ಕೇಳಿದರು. ಅವರೆಲ್ಲರಿಗೂ ಗಟ್ಟಿಯಾಗಿ ನೆನಪಿದ್ದದ್ದು ಲಂಡನ್ನಿನ ಬೀದಿಯಲ್ಲಿ ಕೈಯೆತ್ತಿ ವಾಹನ ನಿಲ್ಲಿಸುವ ಪೊಲೀಸ. ಅರಮನೆಯಲ್ಲ, ರೈಲಲ್ಲ, ಪೊಲೀಸ! ಕಾರಣ ಸರಳ. ಸ್ವಾಜಿಗಳು ಪರಸ್ಪರ ನಮಸ್ಕರಿಸುವುದು ಕೈಯೆತ್ತಿ. ಗುರುತಿಲ್ಲದ ದೇಶದಲ್ಲಿ, ಸೋಲೋ ಗೆಲುವೋ ತಿಳಿಯದ ಕೆಲಸಕ್ಕೆ ಹೋದವರಿಗೆ, ನಡುಬೀದಿಯಲ್ಲಿ ಯಾರೋ ತಮ್ಮ ಊರಿನಂತೆ ಕೈಯೆತ್ತಿದ ಹಾಗೆ ಕಂಡಿತು.

ಭಯ ಹಂಚಿದಾಗ

ಬಾರ್ಟ್ಲೆಟ್ 1924ರಿಂದ 1948ರವರೆಗೆ 'ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿ'ಯ ಸಂಪಾದಕರಾಗಿದ್ದರು. 1935ರಲ್ಲಿ ಆ ಪತ್ರಿಕೆಯಲ್ಲಿ ಜಮುನಾ ಪ್ರಸಾದ್ ಅವರ ಲೇಖನವೊಂದು ಬಂತು. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳವನ್ನು ನಡುಗಿಸಿದ ಭೂಕಂಪದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಆಮೇಲೆ ಹಬ್ಬಿದ ವದಂತಿಗಳನ್ನು ಪ್ರಸಾದ್ ಸಂಗ್ರಹಿಸಿದ್ದರು. ನೆಲ ನಡುಗಿದ್ದು ಅನುಭವಕ್ಕೆ ಬಂದರೂ ಹೆಚ್ಚು ಹಾನಿಯಾಗದ ಕಡೆಗಳ ಮಾತುಗಳಿವು. ಚಂಡಮಾರುತ ಬರಲಿದೆ, ಪ್ರವಾಹ ಬರಲಿದೆ, ಚಂದ್ರಗ್ರಹಣದ ದಿನ ಇನ್ನೊಂದು ಭೂಕಂಪ, ಇಂಥ ದಿನ ಪ್ರಳಯ ಎಂದು ಜನ ಒಬ್ಬರಿಗೊಬ್ಬರು ಹೇಳುತ್ತಿದ್ದರು. ಹೆದರಿದ ಜನ ಸಮಾಧಾನದ ಮಾತು ಹರಡಬೇಕಿತ್ತಲ್ಲವೇ? ಇನ್ನೂ ಹೆದರಿಸುವ ಮಾತನ್ನೇ ಏಕೆ ಹರಡಿದರು?

1952ರಲ್ಲಿ ಅದೇ ಪತ್ರಿಕೆಯಲ್ಲಿ ದುರ್ಗಾನಂದ ಸಿನ್ಹಾ, ಡಾರ್ಜಿಲಿಂಗ್ ಭೂಕುಸಿತದ ನಂತರದ ಮಾತುಗಳ ಬಗ್ಗೆ ಬರೆದರು. ಅಲ್ಲಿ ಜನ ಕಣ್ಣೆದುರೇ ಮನೆ ಕುಸಿದದ್ದನ್ನು, ಸಾವನ್ನು ಕಂಡಿದ್ದರು. ಅಂಥ ಉತ್ಪ್ರೇಕ್ಷೆಯ ಭವಿಷ್ಯವಾಣಿ ಅಲ್ಲಿ ಕಾಣಲಿಲ್ಲ. ಅಮೆರಿಕದ ಲಿಯಾನ್ ಫೆಸ್ಟಿಂಗರ್ ಈ ಎರಡನ್ನೂ ಪಕ್ಕಪಕ್ಕ ಇಟ್ಟು 1957ರಲ್ಲಿ ವಿವರಣೆ ಕೊಟ್ಟರು. ಎದೆಯಲ್ಲಿ ಭಯವಿದೆ, ಕಣ್ಣೆದುರು ಭಯಕ್ಕೆ ತಕ್ಕ ಕಾರಣ ಕಾಣುವುದಿಲ್ಲ. ಆಗ ಮನಸ್ಸು ಕಾರಣವನ್ನು ಹುಡುಕುತ್ತದೆ, ವದಂತಿ ಅದನ್ನು ಒದಗಿಸುತ್ತದೆ. ಬಾರ್ಟ್ಲೆಟ್ ಒಬ್ಬನ ನೆನಪಿನಲ್ಲಿ ಕಂಡ ಭಾವ ಮೊದಲು, ಸಮರ್ಥನೆ ಆಮೇಲೆ ಎಂಬ ಕ್ರಮ ಇಲ್ಲಿ ಇಡೀ ಊರಿನ ಬಾಯಲ್ಲಿ ಕಾಣುತ್ತದೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶ ನಂಬಿ ಅಪರಿಚಿತರನ್ನು ಹೊಡೆದು ಕೊಂದ ಪ್ರಕರಣಗಳು 2018ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ನಡೆದವು. ಆ ಸಂದೇಶ ಫಾರ್ವರ್ಡ್ ಮಾಡಿದ ಬಹುಪಾಲು ಜನ ಕೇಡಿಗರಾಗಿರಲಿಕ್ಕಿಲ್ಲ, ಮನೆಯಲ್ಲಿ ಮಕ್ಕಳಿದ್ದವರು.

ಹಾಗೆಂದು ಭಾವ ತುಂಬಿದ ನೆನಪನ್ನು ಹಂಚಿಕೊಳ್ಳುವುದೇ ತಪ್ಪು ಎಂದಲ್ಲ. ಬಾರ್ಟ್ಲೆಟ್ ಅವರ ಗುರು ರಿವರ್ಸ್ ಯುದ್ಧಕಾಲದಲ್ಲಿ ಮನಸ್ಸು ಜರ್ಜರಿತವಾದ ಅಧಿಕಾರಿಗಳಿಗೆ ಚಿಕಿತ್ಸೆ ಕೊಡುತ್ತಿದ್ದರು. ಒಬ್ಬಾತ ಸ್ಫೋಟಕ್ಕೆ ಸಿಕ್ಕಿ ಛಿದ್ರವಾದ ಗೆಳೆಯನ ದೇಹವನ್ನು ಕಂಡಿದ್ದ. ಪ್ರತಿ ರಾತ್ರಿ ಕನಸಿನಲ್ಲಿ ಅದೇ ರೂಪ. ಎಲ್ಲವನ್ನೂ ಮರೆತುಬಿಡು ಎಂದೇ ಸುತ್ತಲಿನವರ ಸಲಹೆ. ರಿವರ್ಸ್ ಹಾಗೆ ಹೇಳಲಿಲ್ಲ, ಮಾತಾಡಿಸಿದರು. ದೇಹ ಆ ಸ್ಥಿತಿಯಲ್ಲಿತ್ತೆಂದರೆ ಸಾವು ಕ್ಷಣದಲ್ಲಿ ಬಂದಿರಬೇಕು, ಗೆಳೆಯ ನರಳಿಲ್ಲ ಎಂದು ತೋರಿಸಿಕೊಟ್ಟರು. ನಡೆದದ್ದರಲ್ಲಿ ಒಂದು ಚೂರೂ ಬದಲಾಗಲಿಲ್ಲ, ಅದರ ಸುತ್ತಲಿನ ಭಾವ ಬದಲಾಯಿತು. ಆಮೇಲೆ ಬಂದ ಕನಸಿನಲ್ಲಿ ಅವನು ಗೆಳೆಯನೊಡನೆ ಮಾತಾಡಿದನಂತೆ. ಬೆಲ್ಜಿಯಂನ ಬರ್ನಾರ್ಡ್ ರಿಮೆ 1990ರ ದಶಕದಿಂದ ಮಾಡಿದ ಅಧ್ಯಯನಗಳು ತೋರಿಸುವಂತೆ, ಮನಸ್ಸು ಕಲಕಿದ ಘಟನೆಗಳಲ್ಲಿ ಹತ್ತಕ್ಕೆ ಎಂಟನ್ನಾದರೂ ನಾವು ಯಾರಿಗಾದರೂ ಹೇಳಿಯೇ ಹೇಳುತ್ತೇವೆ. ಬರೀ ಹೇಳಿಕೊಂಡ ಮಾತ್ರಕ್ಕೆ ನೋವು ಕರಗುವುದಿಲ್ಲ ಎಂಬುದೂ ಅವರ ಅಧ್ಯಯನದಲ್ಲೇ ಇದೆ. ಕೇಳುವವರು ಘಟನೆಯನ್ನು ಬೇರೆ ಬಗೆಯಲ್ಲಿ ನೋಡಲು ನೆರವಾದಾಗ ವ್ಯತ್ಯಾಸ ಕಾಣುತ್ತದೆ.

ಹಾಗಾದರೆ ಗಾಢ ಭಾವದ ನೆನಪು ಗಟ್ಟಿಯಲ್ಲವೇ?

ಗಟ್ಟಿಯೇ. ಹೆದರಿದಾಗ, ಸಂಭ್ರಮಿಸಿದಾಗ ರಕ್ತಕ್ಕೆ ಅಡ್ರಿನಲಿನ್ ಸೇರುತ್ತದೆ. ಮೆದುಳಿನೊಳಗೆ ಬಾದಾಮಿಯಾಕಾರದ ಅಮಿಗ್ಡಲ ಎಂಬ ಭಾಗ ಚುರುಕಾಗಿ, ನೆನಪನ್ನು ಭದ್ರಮಾಡುವ ಕೆಲಸಕ್ಕೆ ಒತ್ತು ಕೊಡುತ್ತದೆ. 1994ರಲ್ಲಿ ಲ್ಯಾರಿ ಕಾಹಿಲ್, ಜೇಮ್ಸ್ ಮೆಕ್‌ಗಾ ಮತ್ತು ಸಂಗಡಿಗರು ಅಪಘಾತಕ್ಕೆ ಸಿಕ್ಕ ಹುಡುಗನೊಬ್ಬನ ಕಥೆಯನ್ನು ಚಿತ್ರಗಳೊಂದಿಗೆ ತೋರಿಸಿದರು. ಮುಂಚೆಯೇ ಅಡ್ರಿನಲಿನ್ ಪ್ರಭಾವ ತಡೆಯುವ ಪ್ರೊಪ್ರನಾಲಾಲ್ ಮಾತ್ರೆ ನುಂಗಿದ್ದವರಿಗೆ, ವಾರದ ನಂತರ ಅಪಘಾತದ ಭಾಗ ಉಳಿದವರಷ್ಟು ಚೆನ್ನಾಗಿ ನೆನಪಿರಲಿಲ್ಲ. ಅಂದರೆ ಭಾವ ನೆನಪನ್ನು ಬಲಪಡಿಸುತ್ತದೆ ಎನ್ನುವುದು ಸುಳ್ಳಲ್ಲ. ಏನು ಬಲವಾಗುತ್ತದೆ ಎಂಬುದಷ್ಟೇ ಪ್ರಶ್ನೆ.

ಅದಕ್ಕೆ ಚೆನ್ನಾದ ಉತ್ತರ ಅಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್ ಅವರ ಅಧ್ಯಯನದಲ್ಲಿದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಿಸಿತು. ಮರುದಿನ ಬೆಳಿಗ್ಗೆಯೇ, ಸುದ್ದಿ ಎಲ್ಲಿ ಹೇಗೆ ತಿಳಿಯಿತು ಎಂದು ವಿದ್ಯಾರ್ಥಿಗಳಿಂದ ಬರೆಸಿಟ್ಟುಕೊಂಡರು. ಎರಡೂವರೆ ವರ್ಷದ ನಂತರ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದರು. ಎಲ್ಲ ಮುಖ್ಯ ವಿವರಗಳನ್ನೂ ಸರಿಯಾಗಿ ಹೇಳಿದವರು 3 ಜನ. ಒಂದೂ ಸರಿಯಿಲ್ಲದವರು 11 ಜನ. ತಪ್ಪು ಹೇಳಿದವರಲ್ಲಿ ಬಹಳ ಜನರಿಗೆ ತಾವು ಸರಿ ಎಂಬ ಖಾತ್ರಿಯಿತ್ತು. ತಮ್ಮದೇ ಕೈಬರಹ ತೋರಿಸಿದಾಗಲೂ ಹಳೆಯ ನೆನಪು ಮರುಕಳಿಸಲಿಲ್ಲ. ನೌಕೆ ಸ್ಫೋಟಿಸಿದ್ದನ್ನು ಯಾರೂ ಮರೆತಿರಲಿಲ್ಲ, ಆಘಾತವನ್ನೂ ಮರೆತಿರಲಿಲ್ಲ. ಜಾರಿಹೋದದ್ದು ಸುತ್ತಲಿನ ವಿವರ: ಎಲ್ಲಿದ್ದೆ, ಯಾರಿದ್ದರು, ಯಾರು ಹೇಳಿದರು.

ಮನೆಯ ಜಗಳದಲ್ಲಿ ಇದು ಮಳೆಯೋ ಬೆಳದಿಂಗಳೋ ಎಂಬಷ್ಟೇ ವಿಷಯ. ನ್ಯಾಯಾಲಯದಲ್ಲಿ ಹಾಗಲ್ಲ. ಅಮೆರಿಕದಲ್ಲಿ ಶಿಕ್ಷೆ ಅನುಭವಿಸಿದ ಮೇಲೆ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಹೊರಬಂದವರ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಪ್ರತ್ಯಕ್ಷ ಸಾಕ್ಷಿ ತಪ್ಪಾಗಿ ಗುರುತಿಸಿದ್ದರು. ಅಂಥ ಸಾಕ್ಷಿಗಳಲ್ಲಿ ದಾಳಿಗೊಳಗಾದವರೇ ಇದ್ದರು. ಅವರ ನೋವು ನಿಜ, ನಡೆದ ಅಪರಾಧ ನಿಜ, ತೋರಿಸಿದ ಮುಖ ಮಾತ್ರ ಬೇರೆಯವನದು.

ಬಾರ್ಟ್ಲೆಟ್ ಕೆಲಸದಲ್ಲೂ ಕುಂದುಗಳಿದ್ದವು. ಸಂಖ್ಯಾಶಾಸ್ತ್ರವನ್ನು ಅವರು ಹೆಚ್ಚುಕಡಿಮೆ ಬಳಸಲೇ ಇಲ್ಲ. ಸೂಚನೆಗಳನ್ನೂ ಸಡಿಲವಾಗಿ ಕೊಟ್ಟಿದ್ದರು. 1967ರಲ್ಲಿ ಗೌಲ್ಡ್ ಮತ್ತು ಸ್ಟೀಫನ್ಸನ್ ಅದೇ ಕಥೆಯನ್ನು ಕೊಟ್ಟು, ಖಾತ್ರಿಯಿಲ್ಲದ್ದನ್ನು ಬರೆಯಬೇಡಿ ಎಂದು ಬಿಗಿಯಾಗಿ ಹೇಳಿದಾಗ ತಪ್ಪುಗಳು ಸಾಕಷ್ಟು ಕಡಿಮೆಯಾದವು. ಇದು ಒಳ್ಳೆಯ ಸುದ್ದಿಯೇ. ಕೇಳುವ ರೀತಿ ಬದಲಾದರೆ ಹೇಳುವ ರೀತಿಯೂ ಬದಲಾಗುತ್ತದೆ. ಮುಖ್ಯವಾದುದನ್ನು ಅಂದೇ ಬರೆದಿಡುವುದು, ಉತ್ತರವನ್ನು ಸೂಚಿಸದೆ ಪ್ರಶ್ನೆ ಕೇಳುವುದು, ಸಾಕ್ಷಿಗಳು ಒಬ್ಬರೊಡನೊಬ್ಬರು ಮಾತಾಡುವ ಮೊದಲೇ ಬೇರೆಬೇರೆಯಾಗಿ ಕೇಳುವುದು, ಇವೆಲ್ಲ ಇದೇ ತಿಳಿವಳಿಕೆಯಿಂದ ಬಂದ ಅಭ್ಯಾಸಗಳು. 1999ರಲ್ಲಿ ಬರ್ಗ್‌ಮನ್ ಮತ್ತು ರೋಡಿಗರ್ ಎಂಬ ಸಂಶೋಧಕರು ಮೂಲ ಪ್ರಯೋಗವನ್ನೇ ಮತ್ತೆ ಮಾಡಿ ನೋಡಿದಾಗ ಕಥೆ ಬಾರ್ಟ್ಲೆಟ್ ಕಂಡಂತೆಯೇ ಬದಲಾಗುತ್ತ ಹೋಯಿತು.

ಕೊನೆಯ ವರ್ಷಗಳು

ಎರಡನೆಯ ಮಹಾಯುದ್ಧ ಬಾರ್ಟ್ಲೆಟ್ ಅವರನ್ನು ನೆನಪಿನಿಂದ ಬೇರೆಡೆಗೆ ಎಳೆಯಿತು. ಅವರ ಪ್ರಯೋಗಾಲಯದಲ್ಲಿ ಕೆನೆತ್ ಕ್ರೇಕ್ ಎಂಬ ಪ್ರತಿಭಾವಂತ ಶಿಷ್ಯ ವಿಮಾನದ ಕಾಕ್‌ಪಿಟ್‌ನಂಥದ್ದನ್ನು ಕಟ್ಟಿ, ದಣಿದ ಪೈಲಟ್‌ಗಳು ಹೇಗೆ ತಪ್ಪು ಮಾಡುತ್ತಾರೆಂದು ನೋಡಲು ಅನುವು ಮಾಡಿಕೊಟ್ಟರು. 1944ರಲ್ಲಿ ಆನ್ವಯಿಕ ಮನೋವಿಜ್ಞಾನದ ಘಟಕ ಶುರುವಾದಾಗ ಕ್ರೇಕ್ ಅದರ ಮೊದಲ ನಿರ್ದೇಶಕರು. 1945ರ ಮೇ ತಿಂಗಳಲ್ಲಿ, ಯುರೋಪಿನಲ್ಲಿ ಯುದ್ಧ ಮುಗಿಯುವ ಹೊತ್ತಿಗೆ, ಸೈಕಲ್ ಅಪಘಾತದ ಗಾಯದಿಂದ ಅವರು ತೀರಿಕೊಂಡರು. ವಯಸ್ಸು 31. ಆ ಘಟಕವನ್ನು ಮುಂದೆ ಬಾರ್ಟ್ಲೆಟ್ ಅವರೇ ನಡೆಸಿದರು. 1948ರಲ್ಲಿ ಸರ್ ಪದವಿ ಬಂತು, 1950ರ ದಶಕದ ಆರಂಭದಲ್ಲಿ ನಿವೃತ್ತರಾದರು. 1969ರ ಸೆಪ್ಟೆಂಬರ್ 30ರಂದು ಕೇಂಬ್ರಿಜ್‌ನಲ್ಲಿ ನಿಧನರಾದಾಗ ಅವರಿಗೆ 82 ವರ್ಷ.

ಆ ಹೊತ್ತಿಗೆ ಮನೋವಿಜ್ಞಾನ ಕಂಪ್ಯೂಟರಿನ ಭಾಷೆ ಕಲಿಯುತ್ತಿತ್ತು. ಸ್ಕೀಮಾ ಎಂಬ ಪದ ಅದಕ್ಕೆ ಚೆನ್ನಾಗಿ ಒಗ್ಗಿತು, ಮಾಹಿತಿಯನ್ನು ಜೋಡಿಸಿಡುವ ಚೌಕಟ್ಟು ಎಂಬ ಅರ್ಥದಲ್ಲಿ ಮರುಹುಟ್ಟು ಪಡೆಯಿತು. ಒಂದು ಪುಸ್ತಕದಿಂದ ಇನ್ನೊಂದಕ್ಕೆ, ಅಲ್ಲಿಂದ ಮಗದೊಂದಕ್ಕೆ ಬಾರ್ಟ್ಲೆಟ್ ಅವರ ಸಿದ್ಧಾಂತ ದಾಟುತ್ತ ಹೋದಂತೆ ಸ್ಕೀಮಾ ಉಳಿಯಿತು, ದೆವ್ವಗಳ ಕಥೆ ಉಳಿಯಿತು. ಎಲ್ಲಕ್ಕಿಂತ ಮೊದಲು ಬರುವುದು ಭಾವ ಎಂಬ ಮಾತು ಬಹುತೇಕ ಪಠ್ಯಗಳಲ್ಲಿ ಉದುರಿಹೋಗಿದೆ, ಆ ಬಾಣಗಳ ಹಾಗೆ.

ಇನ್ನೊಂದು ಮಾತು. ನಾರ್ಬರ್ಟ್ ವೀನರ್ ಕಿವಿಯಾಟವನ್ನು ಸೂಚಿಸಿದರು ಎಂದು ಮೇಲೆ ಹೇಳಿದೆನಲ್ಲ, ಅದನ್ನು ಬಾರ್ಟ್ಲೆಟ್ ಬರೆದದ್ದು 1958ರ ತಮ್ಮ ಪುಸ್ತಕದಲ್ಲಿ. ಆ ಮಾತುಕತೆ ನಡೆದು ಆಗ ನಲವತ್ತು ವರ್ಷ ದಾಟಿತ್ತು.